ಮನೆಯೊಳಗೆ ಬಂದ ಆಫೀಸು

ಜೂನ್ 3, ಸೋಮವಾರ

ಇಡೀ ದಿನ ನಾಲಿಗೆಗೆ ಬೆಲ್ಲ ಸವರಿಕೊಂಡು ಮಾತಾಡುವುದೇ ನನ್ನ ಕೆಲಸ. ಬ್ಯಾಟರಿ ಸ್ಕೂಟರ್ ನಡುರಸ್ತೆಯಲ್ಲಿ ಕೈಕೊಟ್ಟವರು ಫೋನ್ ಮಾಡಿ ನನ್ನ ಏಳು ತಲೆಮಾರನ್ನು ಜಾಲಾಡಿದರೂ, "ನಿಮ್ಮ ಅಸಮಾಧಾನ ನಮಗೆ ಅರ್ಥವಾಗುತ್ತದೆ ಸರ್, ನಿಮ್ಮ ತಾಳ್ಮೆಗೆ ಧನ್ಯವಾದ" ಎನ್ನಬೇಕು. ನುಂಗಿದ್ದನ್ನು ಎಲ್ಲಾದರೂ ಉಗಿಯಬೇಕಲ್ಲ, ಅದಕ್ಕೆ ಈ ಪುಸ್ತಕ.

ಇವತ್ತು ನಮ್ಮ ಟೀಮ್ ಲೀಡರ್ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿದ. "ನೀವು ನಕ್ಕರೆ ಫೋನಲ್ಲೂ ಕೇಳಿಸುತ್ತೆ" ಎಂದು ದಿನಾ ಪಾಠ ಹೇಳುವುದರಿಂದ ಅವನಿಗೆ ನಾವಿಟ್ಟ ಹೆಸರು ಸ್ಮೈಲಿ. ನಗುತ್ತಲೇ ಹೇಳಿದ: "ಗುಡ್ ನ್ಯೂಸ್! ನಾಳೆಯಿಂದ ಎಲ್ಲರೂ ಮನೆಯಿಂದಲೇ ಕೆಲಸ. ಇದು ಒಂದು ಅವಕಾಶ."

ಪಕ್ಕದಲ್ಲಿ ಮೆಣಸಿನಕಾಯಿ ನಿಂತಿದ್ದಳು. ನಾಲಿಗೆಯ ಖಾರಕ್ಕೆ ಆಫೀಸು ಕೊಟ್ಟ ಬಿರುದು ಅದು. ಅವಳು ಕೇಳಿದಳು, "ಯಾರಿಗೆ ಸರ್ ಅವಕಾಶ? ಬಾಡಿಗೆ ಉಳಿಯೋದು ನಿಮಗೆ. ಕರೆಂಟು, ಕುರ್ಚಿ, ಜಾಗ ನಮ್ಮದು."

ಅವನು ಇನ್ನೂ ಜಾಸ್ತಿ ನಕ್ಕ.

ಕೆಳಗೆ ಗೇಟಿನ ಹತ್ತಿರ, ನಮ್ಮ ಆಫೀಸಿರುವ ನಾವೀನ್ಯತಾ ವಲಯದವರು ಆಗಲೇ ಬ್ಯಾನರ್ ಕಟ್ಟಿದ್ದರು: "ಮನೆಯೇ ಆಫೀಸು, ಊರೇ ಮಾರುಕಟ್ಟೆ." ನಮ್ಮ ಮನೆಯನ್ನು ಒಂದು ಮಾತು ಕೇಳಿದ್ದರಾ? ಬಸ್ಸಿನಲ್ಲಿ ಲ್ಯಾಪ್‌ಟಾಪಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತವರು "ಹೊಸದಾ? ಒಳ್ಳೇದಾಯ್ತು" ಎಂದರು. ಹಲ್ಲು ಕಡಿದೆ.

ಜೂನ್ 6, ಗುರುವಾರ

ನಮ್ಮದು ಒಂದು ಹಾಲ್, ಒಂದು ಕೋಣೆ, ಅಡುಗೆಮನೆ, ಅದರ ಹಿಂದೆ ಬಚ್ಚಲು. ನೆಟ್ಟಗೆ ಸಿಗ್ನಲ್ ಸಿಗುವುದು ಹಾಲ್‌ನ ಕಿಟಕಿಯ ಪಕ್ಕ. ಅದು ಅತ್ತೆಯ ಮಂಚದ ಜಾಗ. ಮಂಚವನ್ನು ಅಡುಗೆಮನೆಯ ಪಕ್ಕದ ಇಕ್ಕಟ್ಟು ಜಾಗಕ್ಕೆ ತಳ್ಳಿದ್ದಾಯಿತು. "ಇಲ್ಲಿ ಬೀದಿ ಕಾಣಲ್ಲವಲ್ಲೇ" ಎಂದರು ಅತ್ತೆ. ಬೀದಿಯಲ್ಲಿ ಇವರಿಗೇನು ಕೆಲಸವೋ!

ಕಂಪನಿ ಲ್ಯಾಪ್‌ಟಾಪಿನೊಳಗೆ ಒಬ್ಬ ಕಾವಲುಗಾರನನ್ನು ಕೂರಿಸಿದೆ. ನಾನು ಮಾತಾಡುವಾಗ ಹಿಂದೆ ಬೇರೆ ಸದ್ದು ಕೇಳಿದರೆ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಬೀಳುತ್ತದೆ. ಗುರುತು ಹೆಚ್ಚಾದರೆ ಸ್ಮೈಲಿಯ ಫೋನು, ಆಮೇಲೆ ಸಂಬಳಕ್ಕೆ ಕತ್ತರಿ, ಅದರಾಚೆಗೆ ಮನೆಗೆ. ಮನೆಯಲ್ಲೇ ಇರುವವಳನ್ನು ಇನ್ನೆಲ್ಲಿಗೆ ಕಳಿಸುತ್ತಾರೋ ನೋಡೋಣ.

ಅತ್ತೆ ಮೂವತ್ತು ವರ್ಷ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿದವರು. ಆ ಗದ್ದಲವನ್ನು ಮೀರಿ ಮಾತಾಡಿ ಮಾತಾಡಿ ಗಂಟಲು ಹಾಗೇ ನಿಂತುಬಿಟ್ಟಿದೆ. ಗುಟ್ಟು ಹೇಳಿದರೂ ಬೀದಿಯ ಆ ತುದಿಗೆ ಕೇಳಬೇಕು. ಇವತ್ತು ನಾನು ಒಬ್ಬ ಗ್ರಾಹಕನಿಗೆ ಬ್ಯಾಟರಿ ತೆಗೆದು ಹಾಕುವುದು ಹೇಗೆಂದು ಹೇಳುತ್ತಿದ್ದರೆ ಹಿಂದಿನಿಂದ ಗುಡುಗಿದರು: "ಯಾರದೇ ಫೋನು? ಅಷ್ಟೊತ್ತು ಏನು ಮಾತಾಡ್ತೀಯ?"

ಗ್ರಾಹಕ ನಕ್ಕ. ನನಗೆ ಕೆಂಪು ಬಿತ್ತು.

ಜೂನ್ 14, ಶುಕ್ರವಾರ

ಈ ವಾರ ಬಿದ್ದ ಕೆಂಪೆಲ್ಲ ಅತ್ತೆಯ ಕೃಪೆ. ಟಿವಿ, ಪಾತ್ರೆ, ಕೆಮ್ಮು, ತರಕಾರಿಯವನ ಜೊತೆ ಜಗಳ. ಸ್ಮೈಲಿ ಫೋನ್ ಮಾಡಿ "ಮೇಡಂ, ನಿಮ್ಮ ಮನೆ ವಾತಾವರಣ ಸ್ವಲ್ಪ ಪ್ರೊಫೆಷನಲ್ ಮಾಡ್ಕೊಳ್ಳಿ" ಎಂದ. ಆ ಬಾಯಿಗೆ ಬೆಂಕಿ ಬೀಳಲಿ. ಅವನಿಗೆ "ಖಂಡಿತ ಸರ್" ಎಂದು, ಫೋನಿಟ್ಟ ಮೇಲೆ ಅತ್ತೆಯ ಮೇಲೆ ಹರಿಹಾಯ್ದೆ.

"ನಿಮ್ಮಿಂದ ನನ್ನ ಕೆಲಸ ಹೋಗತ್ತೆ. ನಾನು ಮಾತಾಡುವಾಗ ಉಸಿರೆತ್ತಬೇಡಿ. ಕೆಂಪು ಬೀಳತ್ತೆ ಅಂತ ಎಷ್ಟು ಸಲ ಹೇಳಲಿ?"

ಅವರು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ ನೋಡಿದರು. "ಅಲ್ಲ ಕಣೇ, ಅವರು ಬಾಯಿಗೆ ಬಂದಂಗೆ ಬೈತಾರೆ, ನೀನು ಥ್ಯಾಂಕ್ಸ್ ಅಂತೀಯ. ನಾನು ಊಟಕ್ಕೆ ಕರೆದ್ರೆ ಮೈಮೇಲೆ ಬರ್ತೀಯ. ಇದ್ಯಾವ ಸೀಮೆ ಕೆಲಸವೇ?"

"ಈ ಕೆಲಸದಿಂದಲೇ ಒಲೆ ಉರೀತಿರೋದು" ಎಂದೆ.

ಅತ್ತೆ ಸುಮ್ಮನಾದರು. ಸದ್ಯ, ನಾಟಿತು ಅಂತ ಕಾಣುತ್ತದೆ.

ಜೂನ್ 29, ಶನಿವಾರ

ಈ ವಾರ ಒಂದೂ ಕೆಂಪಿಲ್ಲ. ಸ್ಮೈಲಿ ಟೀಮಿನ ಮೆಸೇಜ್ ಗುಂಪಿನಲ್ಲಿ ನನ್ನ ಹೆಸರು ಹಾಕಿ ಚಪ್ಪಾಳೆಯ ಚಿತ್ರ ಕಳಿಸಿದ. ಅತ್ತೆ ಈಗ ಎಷ್ಟೋ ವಾಸಿ. ಮಿಲ್ಲಿನಲ್ಲಿ ಮಗ್ಗದ ಸದ್ದಿಗೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದರಂತೆ, ಅದನ್ನೇ ಮತ್ತೆ ಶುರುಮಾಡಿದ್ದಾರೆ. ಊಟ ಎಂದರೆ ಒಂದು ಸನ್ನೆ, ಟೀ ಎಂದರೆ ಒಂದು. ಅನುಕೂಲವಾಗಿದೆ.

ಜುಲೈ 8, ಸೋಮವಾರ

ನಮ್ಮನೆಯವರು ಲಿಫ್ಟ್ ರಿಪೇರಿ ಮಾಡುವವರು. ವಲಯದ ಗಾಜಿನ ಕಟ್ಟಡಗಳ ಲಿಫ್ಟುಗಳೆಲ್ಲ ಅವರ ಕಂಪನಿಯ ಕೈಯಲ್ಲಿದ್ದವು. ಈಗ ಒಂದಾದ ಮೇಲೊಂದು ಆಫೀಸಿನವರು ತಮ್ಮವರನ್ನು ಮನೆಗೆ ಕಳಿಸಿದ್ದಾರೆ. ಹತ್ತುವವರೇ ಇಲ್ಲದಿದ್ದರೆ ಲಿಫ್ಟ್ ಕೆಡುವುದಾದರೂ ಹೇಗೆ? ಇವರಿಗೆ ಈಗ ಅರ್ಧ ದಿನವಷ್ಟೇ ಕೆಲಸ. ಗೇಟಿನ ಎದುರಿನ ಟೀ ಅಂಗಡಿಯವಳು ಬಾಗಿಲು ಎಳೆದುಕೊಂಡು ಹೋದಳಂತೆ. ಜೆರಾಕ್ಸ್ ಅಂಗಡಿಯೂ ಮುಚ್ಚಿತಂತೆ. "ಊರೇ ಮಾರುಕಟ್ಟೆ" ಬ್ಯಾನರ್ ಮಾತ್ರ ಇನ್ನೂ ಇದೆಯಂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

"ಹೀಗೇ ಆದ್ರೆ ನನ್ನನ್ನೂ ತೆಗೀತಾರೆ" ಎಂದರು ಊಟ ಮಾಡುತ್ತಾ.

ನಾನು ಹೇಳಿದೆ, "ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ."

ಅವರು ತುತ್ತನ್ನು ಅಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದರು. "ನಾನೇನು ನಿಮ್ಮ ಸ್ಕೂಟರ್ ತಗೊಂಡಿದೀನೇನೇ?"

ಸಿಟ್ಟು ನೆತ್ತಿಗೇರಿತು. ಸಮಾಧಾನ ಹೇಳಿದರೂ ತಪ್ಪು. ದುಡಿಯುವವಳು ನಾನು, ಕೊಂಕು ಕೇಳುವವಳೂ ನಾನು.

ಜುಲೈ 19, ಶುಕ್ರವಾರ

ಸ್ಮೈಲಿ ಹೊಸ ಬಾಂಬು ಹಾಕಿದ್ದಾನೆ. ವಲಯಕ್ಕೆ ಹಣ ಹೂಡುವ ದೊಡ್ಡ ಮನುಷ್ಯರು ಬರುತ್ತಾರಂತೆ. ಅವರಿಗೆ ತೋರಿಸಲು, ಮನೆಯಿಂದ ಕೆಲಸ ಮಾಡಿ ಉದ್ಧಾರವಾದ ಹೆಂಗಸರ ಮೇಲೆ ಒಂದು ಸಿನಿಮಾ ತೆಗೆಯುತ್ತಾರಂತೆ. ಆರಿಸಿರುವುದು ನನ್ನನ್ನು! "ನಿಮ್ಮ ಮನೆ ತುಂಬಾ ಶಾಂತ ಮೇಡಂ. ನಮ್ಮಲ್ಲೇ ಅತಿ ಕಡಿಮೆ ಕೆಂಪು ನಿಮ್ಮದು."

ಕಿಟಕಿಗೆ ಹೊಸ ಪರದೆ ಹಾಕಿಸಬೇಕು. ಅತ್ತೆ ಈಚೆಗೆ ಹಗಲಲ್ಲಿ ಮನೆಯೊಳಗೆ ಇರುವುದೇ ಇಲ್ಲ. ಮಧ್ಯಾಹ್ನದವರೆಗೆ ಹೊರಗಿನ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಪಕ್ಕದ ಮನೆಯಾಕೆ ಬಂದು, "ನಿಮ್ಮ ಅತ್ತೆಗೆ ಹುಷಾರಿಲ್ವಾ? ಮಾತಾಡಿಸಿದ್ರೆ ಕೈಯಲ್ಲೇ ಏನೋ ತೋರಿಸ್ತಾರೆ" ಎಂದು ಕೇಳಿದಳು. ಬೇರೆಯವರ ಮನೆ ಸುದ್ದಿ ಎಂದರೆ ಕೆಲವರಿಗೆ ಪಾಯಸ ಇದ್ದ ಹಾಗೆ. ವಯಸ್ಸಾಯಿತು, ಅದಕ್ಕೇ ಎಂದು ಬಾಗಿಲು ಹಾಕಿಕೊಂಡೆ. ಬಿಡುವು ಮುಗಿಯುತ್ತಿತ್ತು.

ಆಗಸ್ಟ್ 1, ಗುರುವಾರ

ಅತ್ತೆ ಬಚ್ಚಲಲ್ಲಿ ಬಿದ್ದರು.

ಸದ್ದು ನನಗೆ ಕೇಳಿಸಿತು. ಕೇಳಿಸಿತು ಎಂದು ಇಲ್ಲಿ ಬರೆಯಲೇಬೇಕು. ಬಕೆಟ್ ಉರುಳಿತು ಅಂದುಕೊಂಡೆ. ಆಗ ಲೈನಿನಲ್ಲಿದ್ದವನು ಕಿರುಚುತ್ತಿದ್ದ. ಅವನ ಸ್ಕೂಟರ್ ಸೇತುವೆಯ ಮೇಲೆ ನಿಂತಿತ್ತು. ಮೊದಲು ನೋಡಿದ್ದು ಪರದೆಯ ಮೂಲೆ. ಕೆಂಪು ಬಿದ್ದಿರಲಿಲ್ಲ. ಸದ್ಯ ಎಂದುಕೊಂಡು ಅವನನ್ನು ಮುಗಿಸಿ ಇನ್ನೊಬ್ಬನ ಕರೆ ತೆಗೆದುಕೊಂಡೆ. ಆಮೇಲೆ ಮತ್ತೊಬ್ಬಳದು. ಬಿಡುವಿನಲ್ಲಿ ನೀರು ಕುಡಿಯಲು ಹೋದಾಗ ಬಚ್ಚಲ ಬಾಗಿಲ ಕೆಳಗೆ ಅವರ ಸೀರೆಯ ಅಂಚು ಕಂಡಿತು.

ನೆಲದ ಮೇಲೆ ಒಂದು ಕಡೆ ವಾಲಿಕೊಂಡು ಬಿದ್ದಿದ್ದರು. ಒಂದು ಕಾಲು ಬೇರೆಯವರದು ಎನ್ನುವ ಹಾಗೆ ತಿರುಗಿತ್ತು. ಮೈಯೆಲ್ಲ ಒದ್ದೆ. ಎಚ್ಚರವಾಗಿದ್ದರು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದರು.

"ಅತ್ತೆ! ಕೂಗಬಾರದಿತ್ತಾ? ಯಾಕೆ ಕೂಗಲಿಲ್ಲ?"

ಸೆರಗು ತೆಗೆದು ಪಿಸುಗುಟ್ಟಿದರು. ಆ ಗಂಟಲಲ್ಲಿ ಪಿಸುಮಾತೂ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ನೀನು ಮಾತಾಡ್ತಿದ್ಯಲ್ಲಮ್ಮ."

ಆಗಸ್ಟ್ 2, ಶುಕ್ರವಾರ

ಸೊಂಟದ ಮೂಳೆ ಮುರಿದಿದೆ. ಬೆಳಿಗ್ಗೆ ಆಪರೇಷನ್ ಆಯಿತು. ಇವರು ಆಸ್ಪತ್ರೆಯ ಗೋಡೆಗೆ ಒರಗಿ ನಿಂತೇ ಇದ್ದಾರೆ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ವಾರ್ಡಿನ ಹೊರಗೆ ಸ್ಮೈಲಿಯ ಫೋನು. "ಮೇಡಂ, ನಿನ್ನೆ ಬಿಡುವಿನ ನಂತರ ನೀವು ಲಾಗಿನ್ ಆಗಿಲ್ಲ. ಹೇಳದೆ ಹೋದ ಹಾಗಾಯ್ತಲ್ಲ?"

ಹೇಳಿದೆ. ಬಚ್ಚಲು, ಮೂಳೆ, ಆಪರೇಷನ್.

"ಅಯ್ಯೋ ಪಾಪ, ಬೇಗ ಗುಣವಾಗ್ಲಿ. ಶೂಟಿಂಗ್ ಇಪ್ಪತ್ತಮೂರಕ್ಕೆ ಇದೆ ಅಲ್ವಾ, ಅಷ್ಟರಲ್ಲಿ ಮನೆ ಸರಿಹೋಗುತ್ತಾ?"

ನಾನು ಏನು ಹೇಳಿದೆ? "ಕರೆ ಮಾಡಿದ್ದಕ್ಕೆ ಧನ್ಯವಾದ ಸರ್" ಎಂದೆ. ತಾನಾಗಿಯೇ ಬಂತು. ನನ್ನ ಬಾಯಿ ನನ್ನದಾಗಿ ಉಳಿದಿಲ್ಲ. ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಇನ್ನೊಂದು ಕೊಳ್ಳುವವರು ಯಾರು?

ಆಗಸ್ಟ್ 12, ಸೋಮವಾರ

ಅತ್ತೆ ಮನೆಗೆ ಬಂದರು. ಮಂಚವನ್ನು ಹಾಲ್‌ಗೆ, ಕಿಟಕಿಯ ಪಕ್ಕಕ್ಕೇ ಎಳೆದೆವು. ನನ್ನ ಮೇಜು ಅವರ ಕಾಲ ಹತ್ತಿರ ಇದೆ. ಅವರು ಈಗಲೂ ಮಾತಾಡುತ್ತಿಲ್ಲ. "ಮಾತಾಡಿ ಅತ್ತೆ, ಕೆಂಪು ಬಿದ್ರೆ ಬೀಳಲಿ" ಎಂದೆ. ತಲೆಯಾಡಿಸಿ ಬೀದಿ ನೋಡಿದರು.

ಸಂಜೆ ಮೆಣಸಿನಕಾಯಿ ಹಣ್ಣು ಹಿಡಿದುಕೊಂಡು ಬಂದಳು. ಹೊರಗಿನ ಮೆಟ್ಟಿಲ ಮೇಲೆ ಕೂತೆವು. ನಡೆದದ್ದನ್ನೆಲ್ಲ ಹೇಳಿದೆ. ಖಾರ ಉಗುಳುತ್ತಾಳೆ ಅಂದುಕೊಂಡಿದ್ದೆ, ಅವಳ ಕಣ್ಣಲ್ಲಿ ನೀರು ಬಂತು.

"ನಾನೆಲ್ಲಿ ಕೂತು ಕೆಲಸ ಮಾಡ್ತೀನಿ ಗೊತ್ತಾ? ಬಚ್ಚಲಲ್ಲಿ. ಬಾಗಿಲು ಹಾಕ್ಕೊಂಡು, ಬಕೆಟ್ ಬೋರಲು ಹಾಕಿ ಅದರ ಮೇಲೆ. ಮಗು ಹೊರಗಡೆ ಬಾಗಿಲು ಬಡೀತಿರತ್ತೆ, ನಾನು ಒಳಗಡೆ 'ಶುಭದಿನ ಸರ್' ಅಂತಿರ್ತೀನಿ. ಇನ್ನೊಬ್ಬಳು ನಿಲ್ಲಿಸಿದ ಕಾರಲ್ಲಿ ಕೂರ್ತಾಳೆ, ಬೇಯ್ತಾಳೆ. ಮತ್ತೊಬ್ಬಳು ಗಂಡನ್ನ ದಿನಾ ಮನೆಯಿಂದ ಹೊರಗೆ ಅಟ್ತಾಳೆ. ಎಲ್ಲರ ಮನೇನೂ ಶಾಂತ ಕಣೇ. ಮಸಣ ಇದ್ದಂಗೆ."

ನಾನು ಒಬ್ಬಳೇ ಅಂದುಕೊಂಡಿದ್ದೆ. ಸ್ಮೈಲಿ ಹಾಕುವ ಚಪ್ಪಾಳೆ ನೋಡಿ, ಉಳಿದವರೆಲ್ಲ ಸುಖವಾಗಿದ್ದಾರೆ ಎಂದು ಹೊಟ್ಟೆ ಉರಿದುಕೊಂಡದ್ದೂ ಉಂಟು.

ಒಳಗಿನಿಂದ ಟೀ ತಂದ ನಮ್ಮನೆಯವರು ಬಾಗಿಲಲ್ಲೇ ನಿಂತು ಹೇಳಿದರು, "ನಿಮ್ಮ ಆಫೀಸಿದ್ದ ಮೂರನೇ ಮಹಡಿ ಹಾಗೇ ಖಾಲಿ ಬಿದ್ದಿದೆ. ಮೊನ್ನೆ ಲಿಫ್ಟ್ ನೋಡೋಕೆ ಹೋದಾಗ ನೋಡ್ದೆ. ಮೇಜು, ಕುರ್ಚಿ ಎಲ್ಲಾ ಇದೆ. ಲೈಟು ಉರೀತಾನೇ ಇದೆ, ಎಸಿ ಓಡ್ತಾನೇ ಇದೆ. ಬೇರೆ ಯಾರೂ ಬಾಡಿಗೆಗೆ ಬಂದಿಲ್ಲ."

ಖಾಲಿ ಕುರ್ಚಿಗಳಿಗೆ ಎಸಿ. ನಮಗೆ ಬೋರಲು ಬಕೆಟ್.

ಆಗಸ್ಟ್ 23, ಶುಕ್ರವಾರ

ಬಂದರು. ಸ್ಮೈಲಿ, ಕ್ಯಾಮೆರಾದ ಇಬ್ಬರು, ವಲಯದ ಅಧಿಕಾರಿ. ಆಕೆ ನನಗಿಂತ ಚಿಕ್ಕವಳು, ಇಸ್ತ್ರಿ ಗೆರೆ ಮುರಿಯದ ಬಟ್ಟೆ. ಮನೆ ತುಂಬ ದೀಪದ ಕಂಬಗಳನ್ನು ನಿಲ್ಲಿಸಿದರು. ಕ್ಯಾಮೆರಾದವನು ನನ್ನ ಕೈಗೆ ಒಂದು ಕಪ್ ಕೊಟ್ಟು, "ಕಿಟಕಿ ಕಡೆ ನೋಡಿ ನಗಿ" ಎಂದ. ಕಪ್ಪಿನೊಳಗೆ ಏನೂ ಇರಲಿಲ್ಲ.

ಆಮೇಲೆ ಸ್ಮೈಲಿ ಅಂದ: "ಮೇಡಂ, ಈ ಮಂಚ ಸ್ವಲ್ಪ ಒಳಗೆ ಇಡೋಣ್ವಾ? ಫ್ರೇಮಲ್ಲಿ ಬರ್ತಿದೆ."

ಮಂಚದ ಮೇಲೆ ಅತ್ತೆ ಇದ್ದರು. ಅವರು ನನ್ನ ಮುಖ ನೋಡಿ, ಏಳುವುದಕ್ಕೆಂದು ವಾಕರ್‌ಗೆ ಕೈ ಚಾಚಿದರು. ಏಳುವುದಕ್ಕೆ! ಗಾಯ ಇನ್ನೂ ಹಸಿ.

ನನಗೆ ಅಲ್ಲಿಯವರೆಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. "ಕೂತ್ಕೊಳ್ಳಿ ಅತ್ತೆ. ಮಂಚ ಎಲ್ಲೂ ಹೋಗಲ್ಲ" ಎಂದೆ. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಮೇಡಂ, ಮನೆ ಪೂರ್ತಿ ನೋಡಬೇಕಲ್ಲ, ಬನ್ನಿ" ಎಂದು ಅಡುಗೆಮನೆ ದಾಟಿಸಿ ಬಚ್ಚಲಿಗೆ ಕರೆದೊಯ್ದೆ. "ಇಲ್ಲಿ ಒಂದು ನಿಮಿಷ ನಿಂತಿರಿ." ಬಾಗಿಲು ಮುಂದಕ್ಕೆ ಎಳೆದು ಹಾಲ್‌ಗೆ ಬಂದೆ. ಕಿಟಕಿಯ ಪಕ್ಕ ಕೂತೆ. ಹೆಡ್‌ಸೆಟ್ ಹಾಕಿಕೊಂಡು, ದಿನಾ ಆಡುವ ಸ್ವರದಲ್ಲೇ ಶುರುಮಾಡಿದೆ: "ನಮಸ್ಕಾರ ಸರ್. ನಿಮ್ಮ ಅಸಮಾಧಾನ ನಮಗೆ ಅರ್ಥವಾಗುತ್ತದೆ. ನಿಮ್ಮ ಸುರಕ್ಷತೆಯೇ ನಮಗೆ ಮುಖ್ಯ. ನೀವು ಒಬ್ಬರೇ ಇಲ್ಲ ಸರ್, ನಾವಿದ್ದೇವೆ. ನಿಮ್ಮ ತಾಳ್ಮೆಗೆ ಧನ್ಯವಾದ."

ಸ್ಮೈಲಿ ಹೆಬ್ಬೆರಳು ಎತ್ತಿದ. ನಾನು ಚೆನ್ನಾಗಿ ನಟಿಸುತ್ತಿದ್ದೇನೆ ಅಂದುಕೊಂಡ, ಪಾಪ.

ಎದ್ದು ಹೋಗಿ ಬಾಗಿಲು ತೆಗೆದೆ. "ಏನು ಕೇಳಿಸ್ತು ಮೇಡಂ?"

"ಎಲ್ಲಾ ಕೇಳಿಸ್ತು. ಯಾಕೆ?"

"ನಮ್ಮ ಅತ್ತೇಗೂ ಕೇಳಿಸ್ತಿತ್ತು. ಸೊಂಟ ಮುರಿದು ನೀವು ನಿಂತಿರೋ ಜಾಗದಲ್ಲೇ ಬಿದ್ದಿದ್ರು. ನಾನು ಯಾರೋ ಮೂರು ಜನಕ್ಕೆ, ನಾವಿದ್ದೇವೆ ನಾವಿದ್ದೇವೆ ಅಂತಿದ್ದೆ. ನನ್ನ ಕೆಲಸ ಹೋಗತ್ತೆ ಅಂತ ಅವರು ಸೆರಗು ಬಾಯಿಗೆ ತುರುಕ್ಕೊಂಡು ಬಿದ್ದಿದ್ರು. ಇದನ್ನೂ ಸಿನಿಮಾದಲ್ಲಿ ಹಾಕಿ. ನಮ್ಮ ಮನೆ ಯಾಕಿಷ್ಟು ಶಾಂತ ಅಂತ ಹೂಡಿಕೆದಾರರಿಗೂ ಗೊತ್ತಾಗ್ಲಿ."

ಸ್ಮೈಲಿ, "ಮೇಡಂ, ಇದು ಪರ್ಸನಲ್ ವಿಷಯ—" ಎಂದ.

"ಮುಚ್ಚೋ ಬಾಯಿ!"

ನಾನಲ್ಲ, ಅತ್ತೆ. ಮಂಚದಿಂದ, ಮಗ್ಗದ ಗಂಟಲಲ್ಲಿ. ದೀಪದ ಕಂಬ ಹಿಡಿದಿದ್ದವನು ಬೆಚ್ಚಿ ಹಿಂದೆ ಸರಿದ. "ಕೆಲಸ ಕೊಟ್ಟಿದೀಯ ಸರಿ. ನನ್ನ ಸೊಸೆ ಬಾಯಿ ಏನು ನಿಂಗೆ ಬರ್ಕೊಟ್ಟಿದಾರಾ? ಅವಳು ಮನೇಲಿ ನಕ್ಕು ಎಷ್ಟು ದಿನ ಆಯ್ತು ಕೇಳು!"

ಅಧಿಕಾರಿ ಚಪ್ಪಲಿ ಹಾಕಿಕೊಂಡಳು. ಬಾಗಿಲಲ್ಲಿ ಒಮ್ಮೆ ತಿರುಗಿ ಅತ್ತೆಗೆ ಕೈಮುಗಿದಳು. ಅದಕ್ಕೆ ಏನರ್ಥವೋ ಗೊತ್ತಿಲ್ಲ. ಕೈಮುಗಿದರೆ ಮೂಳೆ ಕೂಡುವುದಿಲ್ಲ.

ಆಗಸ್ಟ್ 26, ಸೋಮವಾರ

ಕೆಲಸ ಹೇಗೂ ಹೋಯಿತು ಅಂದುಕೊಂಡಿದ್ದೆ. ಶುಕ್ರವಾರದ ಕಥೆ ಕೇಳಿದ ಮೆಣಸಿನಕಾಯಿ, ಖಾಲಿ ಮಹಡಿಗೇ ಹೋಗಿ ಕೂರೋಣ ಎಂದು ಭಾನುವಾರವೆಲ್ಲ ಎಲ್ಲರಿಗೂ ಫೋನ್ ಮಾಡಿದ್ದಾಳೆ. ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಗೇಟಿನ ಹತ್ತಿರ ನಿಂತವರು ಟೀಮಿನ ಅರ್ಧಕ್ಕಿಂತ ಜಾಸ್ತಿ ಜನ. ಕಾರಲ್ಲಿ ಬೇಯುತ್ತಿದ್ದವಳೂ ಬಂದಿದ್ದಳು. ಅತ್ತೆಯ ಹತ್ತಿರ ಇವತ್ತೊಂದು ದಿನ ಪಕ್ಕದ ಮನೆಯಾಕೆಯನ್ನು ಕೂರಿಸಿ ನಾನೂ ಹೋಗಿದ್ದೆ. ಕಟ್ಟಡದ ಬಾಗಿಲಲ್ಲಿ ಕಾವಲಿನವನು ತಡೆದ.

ನಮ್ಮನೆಯವರು ಲಿಫ್ಟಿನೊಳಗಿಂದ ತಲೆ ಹೊರಗೆ ಹಾಕಿ, "ಲೋಡ್ ಟೆಸ್ಟ್ ಅಣ್ಣಾ. ತೂಕ ಬೇಕು, ಜನ ಕಳ್ಸು" ಎಂದರು. ಮುಖದಲ್ಲಿ ನಗು ಇರಲಿಲ್ಲ. ಈ ಮನುಷ್ಯನಿಗೆ ಇಷ್ಟು ಸುಳ್ಳು ಹೇಳಲು ಬರುತ್ತದೆಂದು ಮದುವೆಯಾದ ಇಷ್ಟು ವರ್ಷಕ್ಕೆ ಗೊತ್ತಾಯಿತು.

ಮೂರನೇ ಮಹಡಿಯಲ್ಲಿ ನಮ್ಮ ನಮ್ಮ ಕುರ್ಚಿಯಲ್ಲಿ ಕೂತು ಲಾಗಿನ್ ಆದೆವು. ಸ್ಮೈಲಿ ಓಡಿ ಬಂದ. "ಯಾರು ಪರ್ಮಿಷನ್ ಕೊಟ್ಟಿದ್ದು?" ಎಲ್ಲರೂ ಲೈನಿನಲ್ಲಿದ್ದೆವು. ಅವನು ದನಿ ಎತ್ತಿದಾಗ ಪರದೆಗಳ ಮೇಲೆಲ್ಲ ಒಟ್ಟಿಗೆ ಕೆಂಪು ಬಿತ್ತು. ಮೆಣಸಿನಕಾಯಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವನಿಗೆ ಮೆಲ್ಲಗೆ ನಡೆದುಕೊಂಡು ಹೋಗುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಸೆಪ್ಟೆಂಬರ್ 9, ಸೋಮವಾರ

ಮೂರನೇ ಮಹಡಿಯ ಅರ್ಧ ನಮ್ಮದಾಯಿತು. ನ್ಯಾಯ ನೋಡಿ ಕೊಟ್ಟದ್ದಲ್ಲ. ಹೂಡಿಕೆದಾರರಿಗೆ ಖಾಲಿ ಮಹಡಿ ತೋರಿಸುವುದಕ್ಕಿಂತ ತುಂಬಿದ ಮಹಡಿ ತೋರಿಸುವುದು ವಲಯಕ್ಕೂ ಲಾಭ. ಗೇಟಿನ ಬ್ಯಾನರ್ ಬದಲಾಗಿದೆ: "ಒಟ್ಟಿಗೆ ದುಡಿಯೋಣ. ಇದು ನಮ್ಮ ಹೊಸ ಕೊಡುಗೆ." ನಾವು ಕಿತ್ತುಕೊಂಡದ್ದನ್ನು ತಾವು ಕೊಟ್ಟೆವು ಎಂದು ಬರೆದುಕೊಂಡಿದ್ದಾರೆ. ಓದಿ ಮೈ ಉರಿಯಿತು. ಸ್ಮೈಲಿ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ. ಈ ವರ್ಷ ನನಗೆ ಸಂಬಳ ಏರುವುದಿಲ್ಲ ಎಂದು ಬರೆದು ಕಳಿಸಿದವನೂ ಅವನೇ. ಅದನ್ನು ಸುಮ್ಮನೆ ಬಿಡುವುದಿಲ್ಲ.

ಹೊರಡುವ ಮುಂಚೆ ಬೆಳಿಗ್ಗೆ ಮನೆಯಲ್ಲಿ ರಂಪ. ಇನ್ನು ದಿನಾ ಅತ್ತೆಯನ್ನು ಯಾರು ನೋಡಿಕೊಳ್ಳುವುದು? ಮಹಡಿಗೆ ಜಗಳವಾಡಿದವಳು ನಾನು, ಈಗ ಅಲ್ಲಿಗೆ ಹೋಗಲಾಗದವಳೂ ನಾನೇ ಆಗುತ್ತಿದ್ದೆ. ಇವರು ಅಂದರು, "ನನಗೆ ಈಗ ಕೆಲಸ ಇರೋದು ಮಧ್ಯಾಹ್ನದ ಮೇಲೆ. ಅಲ್ಲಿವರೆಗೆ ಅಮ್ಮನ ಹತ್ರ ನಾನಿರ್ತೀನಿ. ಆಮೇಲೆ ಪಕ್ಕದ ಮನೆಯವರು ಬಂದು ಕೂರ್ತಾರಂತೆ, ಕೇಳಿದೀನಿ."

"ಇದನ್ನ ಜುಲೈನಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಕೂಗಾಡಿದೆ.

"ಜುಲೈನಲ್ಲಿ ನೀನು ಮಾತಾಡೋಕೆ ಬಿಡ್ತಿದ್ಯಾ?"

ಅತ್ತೆ ಮಂಚದಿಂದ, "ಇಬ್ಬರೂ ಹೊರಗಡೆ ಹೋಗಿ ಕಿತ್ತಾಡ್ರಪ್ಪ, ಇಲ್ಲಿ ಮನುಷ್ಯರು ಮಲಗಿದಾರೆ" ಎಂದರು. ಮುಖ ಊದಿಸಿಕೊಂಡೇ ಬಸ್ ಹತ್ತಿದೆ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದವಳಿಗೆ ಕೈ ಹೋಗಲಿಲ್ಲ. ಇವರು ಹೊರಟಿರುತ್ತಾರೆ, ಪಕ್ಕದ ಮನೆಯಾಕೆ ಬಂದಳೋ ಇಲ್ಲವೋ. ಮನೆಗೆ ಫೋನ್ ಮಾಡಿದೆ. ಹೊಡೆದುಕೊಂಡಿತು. ಮತ್ತೂ ಹೊಡೆದುಕೊಂಡಿತು. ಮೆಣಸಿನಕಾಯಿ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಯಾರದು?!" ಅಕ್ಕಪಕ್ಕದ ಮೂರು ಮೇಜಿಗೆ ಕೇಳಿಸಿತು.

"ನಾನು ಅತ್ತೆ."

"ಏನಾಯ್ತೇ?"

"ಏನಿಲ್ಲ. ಸುಮ್ಮನೆ ಮಾಡಿದೆ."

"ಸುಮ್ಮನೆ ಫೋನ್ ಮಾಡ್ತಾರಾ ಯಾರಾದ್ರೂ? ಇಲ್ಲಿ ಪಕ್ಕದ ಮನೆಯವಳು ಒಂದು ದೊಡ್ಡ ಸುದ್ದಿ ಹೇಳ್ತಿದಾಳೆ, ಅರ್ಧಕ್ಕೆ ನಿಂತೋಯ್ತು. ಇಡು ಫೋನು!"

ಇಡುವಷ್ಟು ಹೊತ್ತೂ ಕೊಡಲಿಲ್ಲ, ತಾವೇ ಇಟ್ಟರು. ಧನ್ಯವಾದ ಇಲ್ಲ, ಶುಭದಿನ ಇಲ್ಲ. ನಾನು ಡಬ್ಬಿ ಎಳೆದುಕೊಂಡು ಊಟ ಮಾಡಿದೆ.